ಕಂಪ್ಯೂಟರಿಗೆ ಮೆಣಸಿನಕಾಯಿ ಗೊತ್ತೇನ್ರೀ?

ಬ್ಯಾಡಗಿ: ಸೋಮವಾರ, ಗುರುವಾರ ಬಂತೆಂದರೆ ಊರೆಲ್ಲ ಘಾಟು. ಪೇಟೆಗೆ ಬಂದ ಮಾಲಿಗೆ ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಕಾಯಿ ನೋಡಿ ಕಂಪ್ಯೂಟರಿನಲ್ಲಿ ದರ ಹಾಕುತ್ತಾರೆ. ಹೆಚ್ಚು ಹಾಕಿದವರಿಗೆ ಮಾಲು. ಇದೇ ಇ-ಟೆಂಡರ್.

ಆದರೆ ದರದಲ್ಲಿ ಒಂದು ಸೊನ್ನೆ ಹೆಚ್ಚು ಬಿದ್ದರೆ? ರೈತ ‘ಒಲ್ಲೆ’ ಅಂದರೆ? ಕರೆಂಟು ಹೋದರೆ? ಸಾಫ್ಟ್‌ವೇರ್ ಕಟ್ಟುವ ಮೊದಲೇ ಇದನ್ನೆಲ್ಲ ಕೇಳಿ ಬರೆದಿಡಬೇಕು. ಈ ಬೇಕು-ಬೇಡಗಳ ಪಟ್ಟಿ ಮಾಡುವುದೇ ಒಂದು ವಿದ್ಯೆ. ಅದಕ್ಕೂ ಸಲಕರಣೆಗಳುಂಟು. ಪ್ರತಿ ಬೇಡಿಕೆಗೂ ಲಾಟಿನಂತೆ ನಂಬರ್ ಕೊಟ್ಟು, ಕೇಳಿದವರು ಯಾರು, ಈಡೇರಿತೋ ಇಲ್ಲವೋ ಎಂದು ಲೆಕ್ಕ ಇಡುತ್ತವೆ. ಅಮೆರಿಕದ ನಾಸಾದವರು 1990ರ ದಶಕದಲ್ಲಿ ಮಾಡಿದ ಒಂದು ಸಲಕರಣೆಯಂತೂ ‘ಸಾಕಷ್ಟು’, ‘ಸೂಕ್ತ’ ಎಂಬಂಥ ಜಾರು ಮಾತುಗಳನ್ನು ಹುಡುಕಿ ತೋರಿಸುತ್ತಿತ್ತು. ‘ಸೂಕ್ತ ಸಮಯಕ್ಕೆ ದರ ತಿಳಿಸಿ’ ಅಂದರೆ ಯಂತ್ರಕ್ಕೇನು ತಿಳಿದೀತು? ‘ಮಧ್ಯಾಹ್ನ 3ರೊಳಗೆ’ ಅನ್ನಬೇಕು!

2024ರ ಮಾರ್ಚ್ 11ರಂದು ದರ ಕುಸಿಯಿತೆಂದು ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಬಿದ್ದ ದರ ಎತ್ತುವುದು ಯಾವ ಸಾಫ್ಟ್‌ವೇರಿಗೂ ಆಗದ ಕೆಲಸ. ದರ ಹೇಗೆ ನಿಂತಿತೆಂದು ರೈತನಿಗೆ ತೋರಿಸುವುದು ಆದೀತು. ಆದರೆ ಅದು ಪಟ್ಟಿಯಲ್ಲಿ ಇರಬೇಕಷ್ಟೆ.

ಪಟ್ಟಿ ಮಾಡುವವರು ಬೆಂಗಳೂರಿನಲ್ಲಿ ಕೂತರೆ ಸಾಲದು. ಹಮಾಲರನ್ನು, ದಲಾಲರನ್ನು, ಕಾಯಿ ಬೆಳೆದವರನ್ನು ಕೇಳಲಿ. ಘಾಟಿಗೆ ಒಂದೆರಡು ಸೀನು ಬಂದರೂ ಚಿಂತೆಯಿಲ್ಲ!