ಮತ ಕೇಳಲು ಬಂದವರನ್ನು ಬರದ ಲೆಕ್ಕ ಕೇಳಿ

ಚುನಾವಣೆ ಕುರಿತ ಚರ್ಚೆಗಳಲ್ಲಿ 'ಹವಾಮಾನ ನ್ಯಾಯ' ಎಂಬ ಮಾತು ಈಚೆಗೆ ಕೇಳಿಬರುತ್ತಿದೆ. ಇದು ವಿದೇಶಿ ಸಮ್ಮೇಳನಗಳ ಮಾತೆಂದು ನೀವು ಟಿ.ವಿ. ಮುಂದಿನಿಂದ ಎದ್ದುಬಿಡಬಹುದು. ದಯವಿಟ್ಟು ಏಳಬೇಡಿ. ಬೀದರ್ ಜಿಲ್ಲೆ ಹುಮನಾಬಾದ್ ತಾಲೂಕಿನ ಹುಡಗಿಯ ಹೊಲದಲ್ಲಿ ನಿಂತು ನೋಡಿದರೆ ಇದು ತೀರ ಮನೆಯ ವಿಷಯ.

ಕಲ್ಲಿದ್ದಲು, ಪೆಟ್ರೋಲು ಸುಟ್ಟು ವಾತಾವರಣವನ್ನು ಬಿಸಿ ಮಾಡಿದವರು ಒಬ್ಬರು, ಪೆಟ್ಟು ತಿನ್ನುವವರು ಇನ್ನೊಬ್ಬರು. ವರ್ಷಕ್ಕೆ ಅಮೆರಿಕದ ಪ್ರಜೆಯೊಬ್ಬನ ಪಾಲಿನ ಇಂಗಾಲದ ಡೈಆಕ್ಸೈಡ್ ಸುಮಾರು 14 ಟನ್. ಭಾರತೀಯನದು ಸುಮಾರು 2 ಟನ್. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಆದ್ದರಿಂದ ಮಳೆ ಸುರಿದರೆ ಒಮ್ಮೆಲೇ ಸುರಿಯುವುದು, ನಡುವೆ ಒಣ ದಿನಗಳು ಉದ್ದವಾಗುವುದು ಎರಡೂ ಸಾಧ್ಯ. ತೊಗರಿಗೆ ಎರಡೂ ಆಗದು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಹೂ ಬಿಡುವಾಗ ತೇವವಿಲ್ಲದಿದ್ದರೆ ಕಾಯಿ ಕಟ್ಟುವುದಿಲ್ಲ. ಒಂದೊಂದು ವರ್ಷದ ಬರಕ್ಕೂ ಭೂಮಿಯ ಬಿಸಿಯೇ ಕಾರಣವೆಂದು ವಿಜ್ಞಾನ ಓದಿದವರು ಥಟ್ಟನೆ ಹೇಳಲಾರರು. 2023ರಲ್ಲಿ ಎಲ್ ನಿನೊ ಸಹ ಇತ್ತು. ಆದರೆ ನಷ್ಟವನ್ನು ಯಾರು ತುಂಬಿಕೊಡಬೇಕೆಂಬ ಪ್ರಶ್ನೆ ಅದಕ್ಕಾಗಿ ಕಾಯುವುದಿಲ್ಲ.

ಆ ಲೆಕ್ಕ ಹೀಗಿದೆ. ವಿಪತ್ತು ಪರಿಹಾರಕ್ಕೆ ಪ್ರತಿ ರಾಜ್ಯದಲ್ಲೂ ಒಂದು ನಿಧಿಯಿದೆ. ಕರ್ನಾಟಕದ ನಿಧಿಗೆ ನೂರಕ್ಕೆ 75 ಪಾಲು ಕೇಂದ್ರದ್ದು, 25 ರಾಜ್ಯದ್ದು. ಅದು ಸಾಲದಿದ್ದಾಗ ರಾಷ್ಟ್ರೀಯ ನಿಧಿಯಿಂದ ಕೇಳಬೇಕು. 2022ರಲ್ಲಿ ಹೊರಟ ನಿಯಮದ ಪ್ರಕಾರ, ಬೆಳೆ ಶೇ. 33ಕ್ಕಿಂತ ಹೆಚ್ಚು ಹಾಳಾದರೆ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂ., ಅದೂ 2 ಹೆಕ್ಟೇರಿನ ಮಿತಿಗೆ. ಅಂದರೆ ಹುಡಗಿಯಲ್ಲಿ ಐದೆಕರೆ ತೊಗರಿ ಬಿತ್ತಿ ಕಳೆದುಕೊಂಡವರಿಗೆ ಹೆಚ್ಚೆಂದರೆ 17,000 ರೂ. ಬೀಜ, ಗೊಬ್ಬರ, ಔಷಧಿ, ಕಳೆ ತೆಗೆಸಿದ ಕೂಲಿ ಎಲ್ಲ ಇದರೊಳಗೇ ಬರಬೇಕು. 2025ರ ಅತಿವೃಷ್ಟಿಯ ನಂತರ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರಿಗೆ ಇನ್ನೂ 8,500 ರೂ. ಸೇರಿಸುವುದಾಗಿ ಘೋಷಿಸಿತು.

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಳಿದ್ದು 18,171 ಕೋಟಿ ರೂ. ಇದರಲ್ಲಿ ಬೆಳೆ ನಷ್ಟಕ್ಕೆ 4,663 ಕೋಟಿ. ಜೀವನೋಪಾಯ ಕಳೆದುಕೊಂಡ ಕುಟುಂಬಗಳ ನೆರವಿಗೆ 12,577 ಕೋಟಿ. ಉಳಿದದ್ದು ಕುಡಿಯುವ ನೀರು, ದನಕರುಗಳಿಗೆ. ರಾಜ್ಯ ತಡವಾಗಿ ಮನವಿ ಕಳಿಸಿತೆಂದು ಕೇಂದ್ರ, ಕೇಂದ್ರವೇ ತಡ ಮಾಡಿತೆಂದು ರಾಜ್ಯ. 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು, ಬೀದರಿನಲ್ಲಿ ಮೇ 7ರ ಮತದಾನಕ್ಕೆ ಕೆಲವೇ ದಿನ ಮುಂಚೆ. ಬೆಳೆ ನಷ್ಟಕ್ಕೆ ಕೇಳಿದ್ದಕ್ಕಿಂತಲೂ ಅದು ಕಡಿಮೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ಬೆಳೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಬ್ಯಾಂಕ್ ಖಾತೆಗೆ. ಹೊಲ ಪಾಲಿಗೆ ಮಾಡುವವರ, ಕಳೆ ತೆಗೆಯುವ, ರಾಶಿ ಮಾಡುವ ಕೂಲಿಯವರ ಹೆಸರು ಅಲ್ಲಿರುವುದಿಲ್ಲ. ಅವರ ಲೆಕ್ಕವಿದ್ದದ್ದು ಆ 12,577 ಕೋಟಿಯ ಬೇಡಿಕೆಯಲ್ಲಿ. ನ್ಯಾಯದ ಪ್ರಶ್ನೆ ಅಮೆರಿಕ ಮತ್ತು ಭಾರತದ ನಡುವೆ ಮಾತ್ರವಲ್ಲ, ಹೊಲದ ಬದುವಿನ ಆಚೆ-ಈಚೆಯೂ ಇದೆ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಅಡಗಿದ ಹಕ್ಕೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಹೇಳಿದೆ.

ಇಷ್ಟೆಲ್ಲ ಇದ್ದೂ ವೇದಿಕೆಯ ಭಾಷಣ ಬೇಗನೆ ಧರ್ಮ, ಸಮುದಾಯಗಳತ್ತ ಹೊರಳುತ್ತದೆ. ನಮ್ಮ ಭಾಷೆಯಲ್ಲಿ ಓಟಿಗೂ ಧರ್ಮಕ್ಕೂ 'ಮತ' ಎಂಬ ಒಂದೇ ಪದವಿರುವುದು ಭಾಷಣಕಾರರಿಗೆ ಅನುಕೂಲವೇ ಆಗಿದೆ! ಲಿಂಗಾಯತ ಪ್ರತ್ಯೇಕ ಧರ್ಮದ ಬೇಡಿಕೆಗಾಗಿ 2017ರ ಜುಲೈನಲ್ಲಿ ದೊಡ್ಡ ಸಮಾವೇಶ ನಡೆದದ್ದು ಬೀದರಿನಲ್ಲಿ, 2018ರ ಮಾರ್ಚ್‌ನಲ್ಲಿ, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ರಾಜ್ಯ ಸಂಪುಟ ಅದಕ್ಕೆ ಒಪ್ಪಿಗೆ ನೀಡಿತು, ಕೇಂದ್ರ ಒಪ್ಪಲಿಲ್ಲ. 2021ರ ಬಸವಕಲ್ಯಾಣ ಉಪಚುನಾವಣೆಗೆ ಮುಂಚೆ ಮರಾಠಾ ಸಮುದಾಯದ ಅಭಿವೃದ್ಧಿಗೆ 50 ಕೋಟಿ ರೂ. ಘೋಷಣೆಯಾಯಿತು.

ಇಂಥ ಬೇಡಿಕೆಗಳನ್ನು ಚರ್ಚಿಸುವುದು ತಪ್ಪಲ್ಲ. ಆದರೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಮಿನಂತೆ ಧರ್ಮ, ಜಾತಿ, ಸಮುದಾಯ, ಭಾಷೆಯ ಹೆಸರಿನಲ್ಲಿ ಓಟು ಕೇಳುವುದು 'ಭ್ರಷ್ಟ ಆಚರಣೆ'. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮದ ಹೆಸರೆತ್ತಿ ಕೇಳಿದರೂ ಇದು ಅನ್ವಯಿಸುತ್ತದೆಂದು 2017ರ ಜನವರಿ 2ರಂದು ಏಳು ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಿಂದ ಹೇಳಿತು. ಒಂದು ಸಮುದಾಯಕ್ಕಾದ ಅನ್ಯಾಯದ ಮಾತನ್ನು ಹಾಗೆ ತಡೆಯಲಾಗದೆಂಬುದು ಉಳಿದ ಮೂವರ ಅಭಿಪ್ರಾಯ, ಅದನ್ನೂ ಓದಬೇಕಾದ್ದೇ. ಕ್ಷೇತ್ರದ ಯಾವ ಮತದಾರರೇ ಆಗಲಿ, ಫಲಿತಾಂಶದ 45 ದಿನಗಳೊಳಗೆ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಬಹುದು.

ಈಗ ಮೊದಲ ಬಾರಿಗೆ ಓಟು ಹಾಕುವ ನಿಮ್ಮ ಮಾತು. 1989ರಲ್ಲಿ ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. 2024ರಲ್ಲಿ ಬೀದರ್ ಕ್ಷೇತ್ರ 26 ವರ್ಷದ ಸಾಗರ್ ಖಂಡ್ರೆಯವರನ್ನು ಲೋಕಸಭೆಗೆ ಕಳಿಸಿತು. ಮೊದಲು ಹೆಸರು ಸೇರಿಸಲು ಜನವರಿ 1 ಒಂದೇ ಅರ್ಹತಾ ದಿನವಾಗಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1 ಸಹ ಸೇರಿವೆ. ನಮೂನೆ 6ನ್ನು 17 ತುಂಬಿದವರೂ ಮುಂಗಡವಾಗಿ ಕೊಡಬಹುದು. ಪಟ್ಟಿಯಲ್ಲಿ ಹೆಸರು ಬಂದಮೇಲೆ, ಊರಿಗೆ ಬಂದ ಅಭ್ಯರ್ಥಿ ಯಾವ ಪಕ್ಷದವರೇ ಆಗಿರಲಿ, ಎರಡು ಪ್ರಶ್ನೆ ಕೇಳಿ. ಹೆಕ್ಟೇರಿಗೆ 8,500 ರೂ. ಸಾಕೆಂದು ತಾವು ಒಪ್ಪುತ್ತೀರಾ? ಹೊಲವಿಲ್ಲದ ಮನೆಗೆ ಬರದ ವರ್ಷ ಎಷ್ಟು ಕೊಡಿಸುತ್ತೀರಿ, ಯಾವ ನಿಧಿಯಿಂದ?