ಮೀನಿಗೆ ಕಾಯಿಲೆ ಬಂದರೆ ನೋಡುವವರು ಯಾರು?

ಪ್ರಶ್ನೆ: ಮೀನಿನ ರೋಗಗಳ ಬಗ್ಗೆ ಓದಲು ಕರ್ನಾಟಕದಲ್ಲಿ ಕಾಲೇಜು ಇದೆಯೇ?

ಉತ್ತರ: ಇದೆ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ದೇಶದಲ್ಲೇ ಮೊದಲನೆಯದು. ಈಗ ಬೀದರಿನ ಪಶು ವಿಶ್ವವಿದ್ಯಾಲಯದ ಅಧೀನದಲ್ಲಿದೆ. ಪಿಯುಸಿ ವಿಜ್ಞಾನ ಓದಿದವರು ಸಿಇಟಿ ಮೂಲಕ ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಸೇರಬಹುದು. ಆಮೇಲೆ ಎಂ.ಎಫ್.ಎಸ್ಸಿ.ಯಲ್ಲಿ ಜಲಚರಗಳ ಆರೋಗ್ಯವನ್ನೇ ವಿಶೇಷವಾಗಿ ಓದಬಹುದು.

ಇಲ್ಲಿ ಪಾಠಕ್ಕಿಂತ ಕೈಕೆಲಸ ಹೆಚ್ಚು. ಮೀನಿನ ಕಿವಿರಿನ ಚೂರನ್ನು ಕತ್ತರಿಸಿ ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕದಡಿ ಪರಾವಲಂಬಿಗಳನ್ನು ಹುಡುಕಬೇಕು. ಸಿಗಡಿಯ ತಲೆಚಿಪ್ಪು ಬಿಡಿಸಿದಾಗ ಒಳಬದಿಯಲ್ಲಿ ಬಿಳಿ ಚುಕ್ಕೆ ಕಂಡರೆ ವೈರಸ್ಸಿನ ಶಂಕೆ. ಪಿಸಿಆರ್ ಪರೀಕ್ಷೆಯಿಂದ ಖಚಿತ. ಈ ಬಿಳಿಚುಕ್ಕೆ ರೋಗ ಹತ್ತೇ ದಿನಗಳಲ್ಲಿ ಕೊಳವನ್ನೇ ಬರಿದು ಮಾಡಬಲ್ಲದು. ಇದಕ್ಕೆ ಮದ್ದಿಲ್ಲ. ಹಾಗಾಗಿ ರೋಗರಹಿತ ಮರಿ, ಶುದ್ಧ ನೀರು, ಹದವರಿತ ಮೇವು, ಇವುಗಳ ನಿರ್ವಹಣೆಯೇ ಈ ಓದಿನ ತಿರುಳು.