ಹಾಲಿನ ಪ್ಯಾಕೆಟ್ ಡಾಂಬರು ರಸ್ತೆ ಸೇರುವ ಬಗೆ

ಡಾಂಬರು ರಸ್ತೆಯನ್ನು ಬೇಗ ಕೆಡಿಸುವುದು ನೀರು. ಜಲ್ಲಿಕಲ್ಲಿಗೆ ಡಾಂಬರಿಗಿಂತ ನೀರು ಚೆನ್ನಾಗಿ ಒಗ್ಗುತ್ತದೆ. ಬಿರುಕಿನಲ್ಲಿ ಇಳಿದ ಮಳೆನೀರು ಇವೆರಡರ ನಡುವೆ ನುಸುಳಿ ಅಂಟು ಬಿಡಿಸುತ್ತದೆ. ಮೇಲೆ ಚಕ್ರಗಳು ಉರುಳುತ್ತಿದ್ದಂತೆ ಕಲ್ಲುಗಳು ಕಿತ್ತುಬಂದು ಗುಂಡಿ ಬೀಳುತ್ತದೆ. ಪ್ಲಾಸ್ಟಿಕ್ ಕಸ ನೆರವಿಗೆ ಬರುವುದು ಈ ಅಂಟಿನ ವಿಷಯದಲ್ಲೇ.

ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಆರ್. ವಾಸುದೇವನ್ ರೂಪಿಸಿದ ಒಣ ವಿಧಾನದಲ್ಲಿ ಪ್ಲಾಸ್ಟಿಕ್ಕನ್ನು ಡಾಂಬರಿಗೆ ಕಲಸುವುದಿಲ್ಲ, ಮೊದಲು ಕಲ್ಲಿಗೆ ಹಚ್ಚುತ್ತಾರೆ. ತೊಳೆದು ಒಣಗಿಸಿದ ಕೈಚೀಲ, ಹಾಲಿನ ಪ್ಯಾಕೆಟ್ಟುಗಳನ್ನು ಯಂತ್ರದಲ್ಲಿ ಕೆಲವೇ ಮಿಲಿಮೀಟರಿನ ಚೂರು ಮಾಡುತ್ತಾರೆ. ಜಲ್ಲಿ, ಡಾಂಬರನ್ನು ಬಿಸಿಯಾಗಿ ಬೆರೆಸುವ ಹಾಟ್ ಮಿಕ್ಸ್ ಪ್ಲಾಂಟಿನಲ್ಲಿ ಜಲ್ಲಿ ಸುಮಾರು 160–170 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಈ ಚೂರನ್ನು ಸುರಿಯುತ್ತಾರೆ. ಒಂದು ನಿಮಿಷದೊಳಗೆ ಅದು ಕರಗಿ, ಕಲ್ಲಿನ ಸಣ್ಣ ರಂಧ್ರಗಳನ್ನು ಮುಚ್ಚುವ ತೆಳು ಪದರವಾಗುತ್ತದೆ. ಆಮೇಲೆ ಬಿಸಿ ಡಾಂಬರು. ಪ್ಲಾಸ್ಟಿಕ್ ಪದರಕ್ಕೆ ಡಾಂಬರು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ನೀರಿಗೆ ದಾರಿ ಕಿರಿದಾಗುತ್ತದೆ. ಮುಂದಿನ ಕೆಲಸವೆಲ್ಲ ಹಳೆಯದೇ: ಟಿಪ್ಪರ್, ಪೇವರ್, ರೋಲರ್.

ಡಾಂಬರಿನ ತೂಕದ ಶೇ. 6ರಿಂದ 8ರಷ್ಟು ಪ್ಲಾಸ್ಟಿಕ್ ಹಾಕುವುದು ರೂಢಿ. ಅಷ್ಟು ಡಾಂಬರು ಉಳಿಯುತ್ತದೆ. 3.75 ಮೀಟರ್ ಅಗಲದ ಒಂದು ಕಿಲೋಮೀಟರ್ ರಸ್ತೆಗೆ ಸುಮಾರು ಒಂದು ಟನ್ ಕಸ ಬೇಕು. ಬೆಂಗಳೂರಿನಲ್ಲಿ ಅಹಮದ್ ಖಾನ್, ರಸೂಲ್ ಖಾನ್ ಸಹೋದರರು 2000ದ ದಶಕದ ಆರಂಭದಲ್ಲೇ ಪ್ಲಾಸ್ಟಿಕ್ ಬೆರೆಸಿದ ರಸ್ತೆಗಳಿಗೆ ಕೈಹಾಕಿದ್ದರು. ರಸ್ತೆ ಕಾಮಗಾರಿಯ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಈ ಒಣ ವಿಧಾನಕ್ಕೆ ಮಾರ್ಗಸೂಚಿ ಹೊರಡಿಸಿತು.

ಎಲ್ಲ ಪ್ಲಾಸ್ಟಿಕ್ಕೂ ಇದಕ್ಕೆ ಆಗದು, ಇಲ್ಲಿ ಯಾವ ರಾಜಿಯೂ ಕೂಡದು. ಪಿವಿಸಿ ಪೈಪು, ಬ್ಯಾನರಿನ ಚೂರು ಸೇರಿದರೆ ಬಿಸಿಗೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊಮ್ಮಿ, ಪ್ಲಾಂಟಿನಲ್ಲಿ ನಿಂತು ದುಡಿಯುವವರ ಎದೆಗೆ ಹೋಗುತ್ತದೆ. ಉಷ್ಣತೆ ಮಿತಿ ಮೀರಿದರೆ ಒಳ್ಳೆಯ ಪ್ಲಾಸ್ಟಿಕ್ಕೂ ಒಡೆದು ಹೊಗೆಯಾಗುತ್ತದೆ. ನೀರಿನ ಬಾಟಲಿ ಕರಗುವುದು 250 ಡಿಗ್ರಿಯ ಆಸುಪಾಸಿನಲ್ಲಿ, ಜಲ್ಲಿಯ ಬಿಸಿಗೆ ಅದು ಕರಗದು. ಗುಜರಿಯಲ್ಲಿ ಅದಕ್ಕೆ ಬೆಲೆಯೂ ಇದೆ, ಮರುಬಳಕೆಗೇ ಹೋಗಲಿ. ಅನ್ನ ಸಾರು ಅಂಟಿದ ಕವರಿನ ಕೊಳೆ, ತೇವ ಕಲ್ಲಿನ ಮೇಲಿನ ಪದರವನ್ನು ಹಾಳು ಮಾಡುತ್ತವೆ. ಹಾಗಾಗಿ ಈ ರಸ್ತೆಯ ಗುಣಮಟ್ಟ ಒಣಕಸ ಕೇಂದ್ರದಲ್ಲಿ ಕೂತು ಪ್ಲಾಸ್ಟಿಕ್ ಬೇರ್ಪಡಿಸುವ ಹೆಂಗಸರ ಕೈಯಲ್ಲಿದೆ. ರಸ್ತೆಯ ಅಂದಾಜುಪಟ್ಟಿಯಲ್ಲಿ ಅವರ ಕೂಲಿಗೂ ಒಂದು ಸಾಲು ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಸ್ತೆ ಸವೆದಾಗ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಮಣ್ಣು, ಚರಂಡಿ ಸೇರಬಹುದೆಂಬ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಇನ್ನು ಚರಂಡಿಯೇ ಇಲ್ಲದೆ ನೀರು ನಿಲ್ಲುವ ಕಡೆ, ಬುನಾದಿ ಸಡಿಲವಾದ ಕಡೆ, ಯಾವ ಪ್ಲಾಸ್ಟಿಕ್ಕೂ ರಸ್ತೆಯನ್ನು ಉಳಿಸದು.

ಹಳೆಯ ಡಾಂಬರಿಗೂ ಮರುಜನ್ಮವಿದೆ. ಮಿಲ್ಲಿಂಗ್ ಯಂತ್ರದಿಂದ ಮೇಲ್ಪದರ ಕೆರೆದು, ಆ ಚೂರನ್ನು ಹೊಸ ಜಲ್ಲಿ, ಹೊಸ ಡಾಂಬರಿನೊಂದಿಗೆ ಬಿಸಿ ಮಾಡಿ ಮತ್ತೆ ಹಾಸುತ್ತಾರೆ. ವರ್ಷಗಳ ಬಿಸಿಲು ಗಾಳಿಗೆ ಹಳೆಯ ಡಾಂಬರು ಪೆಡಸಾಗಿರುವುದರಿಂದ, ಪಾಲು ಹೆಚ್ಚಾದರೆ ರಸ್ತೆ ಬಿರುಕು ಬಿಡುತ್ತದೆ, ಅಳತೆ ಮುಖ್ಯ. ಕೆರೆಯದೆ ಪದರದ ಮೇಲೆ ಪದರ ಹಾಕಿದ ಬಡಾವಣೆಗಳಲ್ಲಿ ರಸ್ತೆ ಮನೆಯ ಹೊಸ್ತಿಲಿಗಿಂತ ಎತ್ತರವಾಗಿ, ಮಳೆನೀರು ಒಳಗೆ ನುಗ್ಗುತ್ತದೆ. ನಿಮ್ಮ ಬೀದಿಗೆ ಡಾಂಬರು ಹಾಕಲು ಬಂದಾಗ ಮೊದಲು ಕೆರೆಯುತ್ತಾರೆಯೇ, ಕೆರೆದದ್ದು ಎಲ್ಲಿಗೆ ಹೋಗುತ್ತದೆ ಎಂದು ಎಂಜಿನಿಯರನ್ನು ಕೇಳಿ.